ಉಪ್ಪುನೀರಿನ ಪರೀಕ್ಷೆ

ಕಣ್ಣೀರಿನ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ ಎಂದೇ ನಾನು ನಂಬಿದ್ದೆ. ಹುಬ್ಬಳ್ಳಿಯಿಂದ ವಡೋದರಾಕ್ಕೆ ವರ್ಗವಾಗಿ ಬಂದ ವಿಮಾ ಅಧಿಕಾರಿ ನಾನು. ನಾಲ್ಕು ತಿಂಗಳಿಂದ ನನ್ನ ಎಡಗಣ್ಣು ಒಂದೇ ಸಮನೆ ಸೋರುತ್ತಿತ್ತು. ಮಕರಪುರದ ಕಾರ್ಖಾನೆಯೊಂದರಲ್ಲಿ ಸುಟ್ಟುಹೋದ ಮೋಟಾರು ಪರಿಶೀಲಿಸಲು ಹೋದರೆ ಮಾಲೀಕರೇ ನನ್ನ ಬೆನ್ನು ಸವರಿ, "ರೋಯಿಯೇ ಮತ್, ಸಾಹೇಬ್" ಎಂದು, ಅಳಬೇಡಿರೆಂದು ಸಮಾಧಾನ ಹೇಳಿ ಚಹಾ ಕುಡಿಸಿದರು. ನಷ್ಟವಾದದ್ದು ಅವರಿಗೆ!

ಡಾಕ್ಟರ ಹತ್ತಿರ ಹೋಗಲು ಭಯ. ಕಣ್ಣೀರಿನ ದಾರಿ ಪೂರ್ತಿ ಕಟ್ಟಿದ್ದರೆ ಮೂಗಿನ ಎಲುಬಿಗೆ ತೂತು ಕೊರೆದು ಹೊಸ ದಾರಿ ಮಾಡುತ್ತಾರಂತೆ. ಸೂಜಿ ಕಂಡರೇ ಬೆವರುವವನು ನಾನು! ಆದ್ದರಿಂದ ಮೊಬೈಲಿನಲ್ಲಿ ಶಾಸ್ತ್ರೋಕ್ತ ಅಧ್ಯಯನ ಕೈಗೊಂಡೆ. ಕಣ್ಣಿನ ಮೇಲೆ, ಹೊರಬದಿಗೆ, ಕಣ್ಣೀರು ತಯಾರಿಸುವ ಗ್ರಂಥಿ. ಮೂಗಿನ ಬದಿಯ ಮೂಲೆಯಲ್ಲಿ ಎರಡು ಪುಟ್ಟ ತೂತು. ಅಲ್ಲಿಂದ ಒಂದು ಚೀಲ, ಚೀಲದಿಂದ ಕೊಳವೆ, ಕೊಳವೆಯಿಂದ ಮೂಗು. ಚೀಲವನ್ನು ಒತ್ತಿ ತಿಕ್ಕಿದರೆ ದಾರಿ ಬಿಡುವುದುಂಟು ಎಂದು ಬರೆದಿತ್ತು. ಒಂದು ತಿಂಗಳು ಭಕ್ತಿಯಿಂದ ತಿಕ್ಕಿದೆ. ಸೋರುವುದು ಹೆಚ್ಚಾಯಿತು.

ಹೆಂಡತಿ ಸುಮಾ ಮೊಬೈಲು ಕಸಿದು ಓದಿದಳು. "ಅಲ್ರೀ, ಇದು ಹಾಲು ಕುಡಿಯೋ ಕೂಸುಗಳಿಗೆ ಬರದಾರ! ಅದೂ ಮೂಗಿನ ಕಡೆ ತಿಕ್ಕಂದ್ರ, ನೀವು ಕಿವಿ ಕಡೆ ತಿಕ್ಕಾಕತ್ತೀರಿ!"

ಮೋರಿ ಬಿಟ್ಟು ಟ್ಯಾಂಕಿಗೆ ಮಾಲೀಶು ಮಾಡಿದ್ದೆ.

ಅಂದೇ ನನ್ನನ್ನು ಆಸ್ಪತ್ರೆಗೆ ಎಳೆದೊಯ್ದಳು. ಡಾಕ್ಟರು ಎಳೆಯ ಹೆಣ್ಣುಮಗಳು. ಹಿಂದಿಯಲ್ಲಿ ಶಾಂತವಾಗಿ ವಿವರಿಸಿದರು: ಕಣ್ಣಿನ ಮೂಲೆಯ ತೂತಿನಿಂದ ಉಪ್ಪುನೀರು ಬಿಡುತ್ತಾರೆ, ಗಂಟಲಿಗೆ ಉಪ್ಪು ತಾಗಿದರೆ ದಾರಿ ತೆರೆದಿದೆ, ಮನೆಗೆ ಹೋಗಬಹುದು. ತಾಗದಿದ್ದರೆ ಆಪರೇಷನ್.

ಸಿರಿಂಜು ಹತ್ತಿರ ಬಂತು. ಸುಮಾಳ ಕೈ ಬಿಗಿಯಾಗಿ ಹಿಡಿದೆ. ಕಣ್ಣಿನ ಮೂಲೆಗೆ ಏನೋ ತಗುಲಿದಂತಾಯಿತು.

"ನಮಕ್! ಬಹುತ್ ನಮಕ್!" ಎಂದು, ಗಂಟಲಿಗೆ ಉಪ್ಪು ತಾಗಿದವನಂತೆ ಕೂಗಿಬಿಟ್ಟೆ.

ಡಾಕ್ಟರು ಕೈ ತಡೆದರು. "ಅಂಕಲ್, ಅಭೀ ತೋ ದಬಾಯಾ ಹೀ ನಹೀ."

ಇನ್ನೂ ಒತ್ತಿಯೇ ಇಲ್ಲವಂತೆ!

ಆಮೇಲೆ ಒತ್ತಿದರು. ಗಂಟಲು ಒಣಗಿಯೇ ಇತ್ತು. ನೀರೆಲ್ಲ ಮೇಲಿನ ತೂತಿನಿಂದ ವಾಪಸು ಚಿಮ್ಮಿ ಅಂಗಿ ತೋಯಿಸಿತು. ಆಪರೇಷನ್ ಬರುವ ಮಂಗಳವಾರಕ್ಕೆ ನಿಶ್ಚಯವಾಯಿತು.

ಹೊರಗೆ ಬಂದೊಡನೆ ಸುಮಾ ನಕ್ಕೂ ನಕ್ಕೂ ಸುಸ್ತಾದಳು. "ಇಪ್ಪತ್ತು ವರ್ಷ ಮಂದಿ ಸುಳ್ಳು ಕ್ಲೇಮು ಹಿಡದೀರಿ. ಒಂದು ಸುಳ್ಳು ನೆಟ್ಟಗ ಹೇಳಾಕ ಬರಂಗಿಲ್ಲಲ್ರೀ ನಿಮಗ!"

ಮರುದಿನ ಆಪರೇಷನ್ನಿನ ಮುಂಗಡ ಕ್ಲೇಮು ಅರ್ಜಿ ಹಿಡಿದು ನಮ್ಮದೇ ಆಫೀಸಿನ ಸಾಲಿನಲ್ಲಿ ನಿಂತೆ. 'ಮೇಲಿನ ಮಾಹಿತಿಯೆಲ್ಲ ಸತ್ಯ' ಎಂಬಲ್ಲಿ ಸಹಿ ಹಾಕುವ ಮೊದಲು, ಸುಳ್ಳು ಕ್ಲೇಮು ಹಿಡಿಯುವವನ ಕಣ್ಣಿನಿಂದಲೇ ಇಡೀ ಅರ್ಜಿಯನ್ನು ಇನ್ನೊಮ್ಮೆ ಓದಿದೆ.