ಸತ್ತೂರಿನ ಹತ್ತಿರ ನಿಲ್ಲುವ ಫಟಫಟಿ

ಹಳೆಯ ಮೋಟಾರ್ ಸೈಕಲ್ ಇರುವ ಮನೆಯಲ್ಲಿ ವಾರಕ್ಕೊಂದು ಪ್ರಸಂಗ ತಪ್ಪಿದ್ದಲ್ಲ. ನಮ್ಮ ಮನೆಯಲ್ಲಿ ಎರಡು ಆಗುತ್ತಿದ್ದವು.

ನಮ್ಮ ಕಾಕಾ ಅರಳೆ ವ್ಯಾಪಾರಿ. ದಿನಾ ಧಾರವಾಡದಿಂದ ಹುಬ್ಬಳ್ಳಿ ಪೇಟೆಗೆ ಹೋಗಬೇಕು. ನಾನು ಆಗಷ್ಟೇ ಬಿ.ಎಸ್ಸಿ. ಮುಗಿಸಿ ಹುಬ್ಬಳ್ಳಿಯ ಒಂದು ಹೈಸ್ಕೂಲಿನಲ್ಲಿ ಮಾಸ್ತರನಾಗಿದ್ದೆ. ವಿಲಾಯತಿಗೆ ಮರಳಲಿದ್ದ ಒಬ್ಬ ಸಾಹೇಬನಿಂದ ಕಾಕಾ ಈ ಗಾಡಿ ಕೊಂಡದ್ದು ನನ್ನ ಬಿ.ಎಸ್ಸಿ.ಯನ್ನು ನಂಬಿ. ನಡೆಸುವವನು ನಾನು, ಹಿಂದೆ ಕೂಡುವವರು ಅವರು. ಊರವರು ಅದನ್ನು ಫಟಫಟಿ ಅನ್ನುತ್ತಿದ್ದರು. ನಮ್ಮದು ಬಹಳ ಹೊತ್ತು ಮೌನವಾಗಿಯೇ ಇರುತ್ತಿತ್ತು.

"ದೀಪಾವಳಿ ತನಕಾ ನೋಡತೇನಿ," ಎಂದು ಕಾಕಾ ಒಂದು ದಿನ ಹೇಳಿಬಿಟ್ಟರು. "ಸರಿ ಆಗಲಿಲ್ಲಂದ್ರ ಮಾರಿ ಟಾಂಗಾ ಕೊಳ್ಳತೇನಿ. ಕುದುರಿಗೆ ಬಿ.ಎಸ್ಸಿ. ಬೇಕಾಗಿಲ್ಲ."

ನನಗೆ ಆ ಗಾಡಿಯೆಂದರೆ ಜೀವ. ಒಂದು ನೋಟ್‌ಬುಕ್ಕು ತೆಗೆದು ಕೆಲಸಕ್ಕೆ ಕುಳಿತೆ.

೧. ನಿಂತ ಗಾಡಿಯ ಮೇವು

ಮೊದಲ ದೋಷ: ಓಡುವಾಗ ಸರಿ, ಎಲ್ಲಿಯಾದರೂ ನಿಲ್ಲಿಸಿದರೆ ಇಂಜಿನು ಬಂದ್. ಎಂಟು ದಿನ ಕಾರ್ಬುರೇಟರಿನ ತಿರುಪನ್ನು ಕಾಲು ಸುತ್ತು ಬಿಗಿಮಾಡಿ, ಕಾಲು ಸುತ್ತು ಸಡಿಲುಮಾಡಿ ಬರೆದಿಟ್ಟೆ. ಫಲವಿಲ್ಲ.

ಒಂಬತ್ತನೆಯ ದಿನ ರಸ್ತೆಗೆ ಅಡ್ಡವಾಗಿ ಎಮ್ಮೆಗಳ ಹಿಂಡು ಕಂಡಿತು. ಅಷ್ಟರಲ್ಲಿ ನನ್ನ ಮೊಣಕಾಲಿನ ಪಕ್ಕದಿಂದ ಒಂದು ಕೈ ಮೆಲ್ಲಗೆ ಬಂದು ಪೆಟ್ರೋಲಿನ ನಳ ಮುಚ್ಚಿತು. ಕೈ ಕಾಕಾನದು.

"ಏನ್ರಿ ಕಾಕಾ ಇದು!"

"ನಿಂತ ಗಾಡಿಗೆ ಎಣ್ಣಿ ಯಾಕಪಾ? ಹೊಂಡುವಾಗ ನಾನಽ ತಗೀತೇನಲ್ಲ."

"ಎತ್ತು ನಿಂತಾಗ ಮೇವು ತಿನ್ನೂದಿಲ್ಲೇನ್ರಿ?"

"ತಿಂತೈತಿ. ಸಗಣಿ ಹಾಕತೈತಿ. ಇದೇನು ಹಾಕತೈತಿ?"

ಇಂಜಿನಿನ ಕೆಳಗೆ ನೆಲದ ಮೇಲೆ ಎಣ್ಣೆ ತೊಟ್ಟಿಕ್ಕಿ ಕರಿಯ ಕಲೆಯಾಗಿತ್ತು. ನಾನು ತೋರಿಸಲಿಲ್ಲ.

೨. ಕಲಿತವರ ಕೈ

ಎರಡನೆಯ ದೋಷ: ಒದ್ದರೂ ಒದ್ದರೂ ಹೊರಡದು. ಹುಬ್ಬಳ್ಳಿಯಲ್ಲಿ ಅರಳೆ ಗಿರಣಿಗಳ ಇಂಜಿನು ನೋಡುವ ಒಬ್ಬ ಮುಸಲ್ಮಾನ ಮಿಸ್ತ್ರಿ ಇದ್ದರು. ಗಾಡಿ ದೂಡಿಕೊಂಡು ಅವರಲ್ಲಿಗೆ ಹೋದೆ.

"ಏನೇನು ನೋಡೀರಿ ಮಾಸ್ತರ?"

ನೋಟ್‌ಬುಕ್ಕಿನಿಂದ ಹನ್ನೊಂದು ಅಂಶ ಓದಿದೆ. ಮಿಸ್ತ್ರಿ ತಾಳ್ಮೆಯಿಂದ ಕೇಳಿ, ಪ್ಲಗ್ಗಿನ ತಂತಿ ಬಿಚ್ಚಿ ಅದರ ತುದಿ ನನ್ನ ಕೈಗೆ ಕೊಟ್ಟರು.

"ಇದನ್ನ ಗಟ್ಟಿ ಹಿಡೀರಿ."

ಹಿಡಿದೆ. ಅವರು ಒದ್ದರು. ಕಣ್ಣು ಬಿಟ್ಟಾಗ ನಾನು ಎರಡು ಮಾರು ಆಚೆ ಕುಳಿತಿದ್ದೆ.

"ಕರೆಂಟ್ ಛಲೋ ಐತ್ರಿ," ಎಂದರು ಮಿಸ್ತ್ರಿ. "ಪ್ಲಗ್ ಸತ್ತೈತಿ."

"ಚಾಚಾ, ನೀವಽ ಹಿಡೀಬಹುದಿತ್ತಲ್ರಿ?"

"ನಮ್ಮ ಕೈ ಮೊಂಡ ಆಗ್ಯಾವ್ರಿ, ಹಿಡದ್ರೂ ಗೊತ್ತಾಗೂದಿಲ್ಲ. ಕಲತವರಿಗೆ ಲಗೂ ತಿಳೀತೈತಿ."

ಹನ್ನೆರಡನೆಯ ಅಂಶ ಬರೆದುಕೊಂಡೆ: ಕೇಳಿದ ಕೂಡಲೇ ಕೈ ಕೊಡಬಾರದು.

೩. ಪ್ರದಕ್ಷಿಣೆ

ಹೊಸ ಪ್ಲಗ್ ಹಾಕಿದ ಸಂಜೆ ಉಣಕಲ್ ಕೆರೆಯ ಹತ್ತಿರ ಗಾಡಿ ನಿಂತಿತು. ಕಾಕಾ ಹಿಂದಿನಿಂದ ದೂಡಿದರು. ಇಂಜಿನು ಹಿಡಿಯಿತು. ಆದರೆ ವೇಗ ತಗ್ಗಿಸಿದರೆ ಕೆಮ್ಮುತ್ತಿತ್ತು. ನಿಲ್ಲಿಸುವ ಧೈರ್ಯ ನನಗಿರಲಿಲ್ಲ. ತಿರುಗಿ ಬಂದು ಕಾಕಾನ ಸುತ್ತ ಸುತ್ತತೊಡಗಿದೆ.

"ನಿಲ್ಲೋ!"

"ನಿಂತ್ರ ಮತ್ತ ಹೊಂಡೂದಿಲ್ರಿ! ಜಿಗೀರಿ!"

"ನನಗ ಐವತ್ತೈದೋ!"

"ಧೋತರಾ ಎತ್ತಿ ಹಿಡೀರಿ!"

ಏಳನೆಯ ಸುತ್ತಿಗೆ ಅವರು ನನ್ನ ಹೆಗಲು ಹಿಡಿದು ಹೇಗೋ ಹತ್ತಿದರು. ಕೆರೆಯ ದಂಡೆಯಲ್ಲಿ ಬಟ್ಟೆ ಒಗೆಯುತ್ತಿದ್ದ ಅಜ್ಜಿಯೊಬ್ಬಳು ಪಕ್ಕದವಳಿಗೆ ಹೇಳುವುದು ಕೇಳಿಸಿತು: "ಎಂಥಾ ಭಕ್ತಿ ನೋಡವಾ! ಹಿರ್ಯಾರಿಗೆ ಏಳು ಪ್ರದಕ್ಷಿಣಿ ಹಾಕಿ ಕರಕೊಂಡು ಹೊಂಟಾನ."

೪. ಕಾಯಿ

ಖಂಡೇನವಮಿಯ ಆಯುಧಪೂಜೆ ಆದ ಮೇಲೆ ಹೊಸ ರೋಗ. ಮನೆಯಲ್ಲಿ ಒಂದೇ ಒದೆತಕ್ಕೆ ಹೊರಡುವ ಗಾಡಿ, ಐದು ಮೈಲಿ ಓಡಿ, ಸತ್ತೂರಿನ ಹತ್ತಿರ ನಿಂತುಬಿಡುವುದು. ದಿನಾ ಅಲ್ಲಿಯೇ. ಪ್ಲಗ್ ನೋಡಿದೆ, ಕಿಡಿ ಇತ್ತು. ಗಾಡಿ ಅಲುಗಾಡಿಸಿದೆ, ಟಾಕಿಯಲ್ಲಿ ಪೆಟ್ರೋಲು ಸದ್ದು ಮಾಡಿತು. ದೀಪಾವಳಿಗೆ ಎಂಟು ದಿನ ಉಳಿದಿತ್ತು. ಕಾಕಾ ಆಗಲೇ ಒಂದು ಬಿಳಿ ಕುದುರೆಯ ಹಲ್ಲು ನೋಡಿ ಬಂದಿದ್ದರು.

ಹೊಲದಲ್ಲಿದ್ದ ರೈತನೊಬ್ಬ ಹತ್ತಿರ ಬಂದ. "ಈ ಜಾಗಾದ ದೇವರು ಭಾಳ ಖಡಕ್ ಐತ್ರಿ ಯಜಮಾನ್ರ. ಒಂದು ಕಾಯಿ ಒಡೀರಿ."

ಮರುದಿನ ಕಾಕಾ ಕಾಯಿ ಒಡೆದು, ನೀರನ್ನು ಟಾಕಿಯ ಮೇಲೆ ಸುರಿದು, ಕೈಮುಗಿದರು. ನಾನು ಮನಸ್ಸಿಲ್ಲದೆ ಒದ್ದೆ. ಹೊರಟಿತು. ಅದರ ಮರುದಿನವೂ ಅಷ್ಟೇ. ಮೂರನೆಯ ದಿನ, ಪ್ರಯೋಗವೆಂದು ಕಾಯಿ ಬೇಡವೆಂದೆ. ಅರ್ಧ ತಾಸು ಒದ್ದು ಬೆವತೆ. ಕಾಕಾ ಚೀಲದಿಂದ ಕಾಯಿ ತೆಗೆದರು. ಒಡೆದರು. ಹೊರಟಿತು. ಅಂದು ನೋಟ್‌ಬುಕ್ಕಿನಲ್ಲಿ ಏನೂ ಬರೆಯಲಿಲ್ಲ.

ನಾಲ್ಕನೆಯ ದಿನ ಮುಂಜಾನೆ ಅಂಗಳಕ್ಕೆ ಬಂದರೆ, ಪೂಜೆ ಮುಗಿಸಿದ ಕಾಕು, ಕಾಕಾನ ಹೆಂಡತಿ, ಪೆಟ್ರೋಲ್ ಟಾಕಿಯ ಮುಚ್ಚಳದ ಮೇಲೆ ಒದ್ದೆ ವಿಭೂತಿ ಎಳೆಯುತ್ತಿದ್ದಳು, ದಪ್ಪಗೆ ಮೂರು ಪಟ್ಟಿ.

"ಏನು ಮಾಡಾಕತ್ತೀರಿ ಕಾಕು?"

"ಖಂಡೇನವಮಿಯಿಂದ ದಿನಾ ಹಚ್ಚತೇನಲ್ಲೋ. ಅದರ ಹಣಿ ಇದಽ ಅಲ್ಲೇನು?"

ಹಣೆಯ ನಡುವೆ ಸೂಜಿಯ ಮೊನೆಯಷ್ಟು ತೂತು ಇರುತ್ತದೆ. ಪೆಟ್ರೋಲು ಇಳಿದಂತೆ ಟಾಕಿಯೊಳಗೆ ಗಾಳಿ ಹೋಗುವುದು ಅದರಿಂದಲೇ. ವಿಭೂತಿ ಅಲ್ಲಿ ಒಣಗಿ ಗಾರೆಯಂತೆ ಕೂತಿತ್ತು. ಗಾಳಿ ಹೋಗದಿದ್ದರೆ ಪೆಟ್ರೋಲು ಇಳಿಯದು. ಒಳಗಿದ್ದ ಗಾಳಿ ಸತ್ತೂರಿನವರೆಗೆ ಸಾಲುತ್ತಿತ್ತು.

ಇಬ್ಬರನ್ನೂ ಕೂಡಿಸಿ ಇದನ್ನೆಲ್ಲ ವಿವರಿಸಿದೆ. ಕಾಕು ಗಮನಕೊಟ್ಟು ಕೇಳಿದಳು.

"ಅಂದ್ರ ಕಾಯಿ ನೀರು ಬಿದ್ದು ವಿಭೂತಿ ಕರಗಿ ಗಾಡಿ ಹೊಂಟತು?"

"ಹೌದ್ರಿ."

"ಕಾಯಿ ಒಡದಿದ್ದಕ್ಕಽ ಹೊಂಟತು?"

"ಒಂದು ಅರ್ಥದಾಗ ಹೌದ್ರಿ."

"ಮತ್ತ ಆ ರೈತನೂ ಅದನ್ನಽ ಹೇಳಿದ್ದಲ್ಲೋ! ಅವಾ ಎಲ್ಲಿ ಬಿ.ಎಸ್ಸಿ. ಮಾಡ್ಯಾನ?"

ಅಳುಕುತ್ತ ಕಾಕಾನ ಕಡೆ ತಿರುಗಿದೆ. "ಟಾಂಗಾದ್ದು ಏನು ಮಾಡತೀರಿ ಕಾಕಾ?"

ಕಾಕಾ ಗಾಡಿಯನ್ನು ಗೌರವದಿಂದ ನೋಡಿದರು.

"ವಿಭೂತಿ ಹಚ್ಚಿದ್ರ ಧ್ಯಾನಕ್ಕ ಕೂಡತೈತಿ, ಕಾಯಿ ಒಡದ್ರ ಏಳತೈತಿ. ಇಷ್ಟು ನೇಮದ ಗಾಡಿ ಬಿಟ್ಟು ಕುದುರಿ ತರೂದ? ಅದರ ಮುಂದ ಕಾಯಿ ಒಡದ್ರ, ಕಾಯಿನಽ ತಿಂದಬಿಡತೈತಿ!"