ಗಿಳಿಹಸಿರು ದಡಿ, ಬೋಗುಣಿಯ ಉಪ್ಪು

ಕೆಲವರಿಗೆ ಕಿವಿಯಿಂದ ಕೈಗೆ ನೇರ ರಸ್ತೆ ಇರುತ್ತದೆ. ನನಗೆ ನಡುವೆ ತಲೆ ಎಂಬ ದೊಡ್ಡ ಗುಂಡಿ ಇದೆ. ಯಾರು ಏನು ಹೇಳಿದರೂ "ಹೂಂ" ಅನ್ನುತ್ತೇನೆ, ಅಂದಮೇಲೆ ಆ ಕೆಲಸ ಆಗಿಯೇ ಹೋಯಿತೆಂದು ನಂಬುತ್ತೇನೆ. ಇಂಥವನು ಬರೆದ ಪ್ರೋಗ್ರಾಮೂ ಇಂಥದ್ದೇ ಆದರೆ ಅಚ್ಚರಿಯೇನು?

ಬೆಟಗೇರಿಯ ಮಾಬೂಸಾಬ್ ಚಾಚಾನ ಸೀರೆ ಅಂಗಡಿಯಲ್ಲಿ ನಾನು ಸೀರೆ ಮಡಚುವವನಾಗಿದ್ದೆ. ನೇಯುವ ಮೊದಲೇ ಸೀರೆಯನ್ನು ಪರದೆಯ ಮೇಲೆ ತೋರಿಸುವ ಪ್ರೋಗ್ರಾಮು ಬರೆದು, ಕುರ್ಚಿಯ ಮೇಲೆ ಕೂರುವ ಬಡ್ತಿ ಪಡೆದೆ. ಮೊದಲ ಗಿರಾಕಿ ಬೆಳ್ಳಟ್ಟಿಯ ಶಾಂತವ್ವ, ಮಗಳ ಮದುವೆ ಸೀರೆಗೆ ಬಂದವರು. "ಕೆಂಪ ದಡಿ ಬ್ಯಾಡೋ ತಮ್ಮಾ, ಗಿಳಿಹಸರ ಹಾಕು" ಎಂದರು. ಹಾಕಿದೆ. ಪರದೆಯ ಮೇಲೆ ಸೀರೆಯಂಚು ಕೆಂಪೇ. ಮತ್ತೆ ಒತ್ತಿದೆ. ಅರ್ಧ ದಡಿ ಹಸಿರಾಯಿತು, ಅರ್ಧ ಹಟ ಹಿಡಿದು ಕೂತಿತು.

"ಇದೇನ್ ಸೀರಿನೋ, ಕಲ್ಲಂಗಡಿ ಹಣ್ಣೋ?"

"ಯವ್ವಾ, ಇದರಾಗ ಲೆಕ್ಕಾ ಮಾಡೋ ಪ್ರೊಸೆಸರ್ ಬ್ಯಾರೆ, ಚಿತ್ರಾ ತೋರ್ಸೋ ಗ್ರಾಫಿಕ್ಸ್ ಚಿಪ್ ಬ್ಯಾರೆ. ಒಂದು ಹಸರ ಅಂತ ಬರದೈತಿ, ಇನ್ನೊಂದಕ್ಕ ಖಬರ ಇಲ್ಲ."

"ನನಗೂ ನಿನಗೂ ಇದ್ದಂಗ" ಎಂದ ಚಾಚಾ. "ಅವರು ಬಜಾರ ಮುಗಿಸಿ ಬರೂದ್ರಾಗ ಸರಿ ಮಾಡ್ಲೇ. ಇಲ್ಲಂದ್ರ ಅದರ ಮ್ಯಾಲೆ ಚಾದರ ಹೊಚ್ಚಿ, ಸೀರಿ ಮಡಚಾಕ ಕುಂಡ್ರು."

ಹಸಿದ ಹೊಟ್ಟೆಗೆ ತಪ್ಪು ಹೊಳೆಯದೆಂದು ಊಟಕ್ಕೆ ಮನೆಗೆ ಓಡಿದೆ. ಡಬ್ಬಿಯಿಂದ ಶೇಂಗಾ ಚಟ್ನಿಪುಡಿ ಸುರುವಿಕೊಂಡು ರೊಟ್ಟಿ ಮುರಿದೆ. ಸಪ್ಪೆ!

"ಉಪ್ಪಿಲ್ಲಬೇ ಅವ್ವಾ!"

"ಈಗರ ಹಾಕೇನಲ್ಲೋ!"

ಹಾಕಿದ್ದಳು ನಿಜ, ಡಬ್ಬಿಯ ಸ್ವಲ್ಪ ಪುಡಿಯನ್ನು ಬೋಗುಣಿಗೆ ತೆಗೆದುಕೊಂಡು. ಅದಿನ್ನೂ ಅವಳ ಕೈಯಲ್ಲೇ ಇತ್ತು. "ಡಬ್ಬಿಗೆ ಸುರುವೂಮಟಾ ತಡಿಯಾಕ ಏನಾಗಿತ್ತು ನಿನಗ?"

ರೊಟ್ಟಿ ತಾಟಿಗಿಟ್ಟೆ; ತಪ್ಪು ಹೊಳೆದಿತ್ತು. ಪ್ರೊಸೆಸರ್ ಕೂಡ ಹಸಿರನ್ನು ತನ್ನ ಕೈಯ ಬೋಗುಣಿಯಲ್ಲೇ ಇಟ್ಟುಕೊಂಡಿತ್ತು; ಅದಕ್ಕೆ ಕ್ಯಾಶ್ ಅನ್ನುತ್ತಾರೆ. ಇಬ್ಬರಿಗೂ ಸೇರಿದ ಮೆಮೊರಿಯ ಡಬ್ಬಿಯಲ್ಲಿ ಹಳೇ ಕೆಂಪೇ. ಒಂದಿಷ್ಟು ಹಸಿರು ತಾನಾಗಿ ಡಬ್ಬಿಗೆ ಚೆಲ್ಲಿದ್ದಕ್ಕೇ ಕಲ್ಲಂಗಡಿ! ಮೊದಲು ಸುರುವಬೇಕು, ಆಮೇಲೆ ಗ್ರಾಫಿಕ್ಸ್ ಚಿಪ್ಪನ್ನು ಊಟಕ್ಕೆ ಕರೆಯಬೇಕು. ನಾನು ಕರೆದೇಬಿಟ್ಟಿದ್ದೆ, ಸುರುವಿರಲಿಲ್ಲ.

"ನಾ ಅಕ್ಕನ ಮನಿಗೆ ಹೊಂಟೀನಿ. ನಳ ಬಂದಾವ, ಹೋಗೂಮುಂದ ಮೋಟಾರ ಬಂದ್ ಮಾಡು" ಎಂದಳು ಅವ್ವ.

"ಹೂಂ" ಎಂದು ಅಂಗಡಿಗೆ ಹಾರಿದೆ.

ಪ್ರೋಗ್ರಾಮಿಗೆ ಒಂದೇ ಸಾಲು ಸೇರಿಸಿದೆ: ಮೊದಲು ಸುರುವು. ಶಾಂತವ್ವ ಬಂದರು. ಗಿಳಿಹಸಿರು ಒತ್ತಿದೆ, ದಡಿ ಈ ತುದಿಯಿಂದ ಆ ತುದಿಗೆ ಗಿಳಿಯೇ. ಅವರು ಪರದೆಯ ಮೇಲಿನ ಸೆರಗನ್ನು ಬೆರಳಿಂದ ಸವರಿದರು. "ನೇಯಾಕ ಹಚ್ರಿ ಸಾಹೇಬ್ರ. ಮಗಳಿಗೆ ಒಪ್ಪತೈತಿ." ಹೊಚ್ಚಲು ತೆಗೆದಿಟ್ಟಿದ್ದ ಚಾದರವನ್ನು ಚಾಚಾ ಮಡಚಿ ಒಳಗಿಟ್ಟ.

ಎದೆಯುಬ್ಬಿಸಿಕೊಂಡು ಸಂಜೆ ಮನೆಗೆ ಬಂದರೆ ಟಾಕಿ ತುಂಬಿ ಹರಿದು ಓಣಿಯಲ್ಲೆಲ್ಲ ಹಳ್ಳ. ಆಗತಾನೇ ಬಂದ ಅವ್ವ ಸೀರೆ ಎತ್ತಿಕಟ್ಟಿ ಕಸಬರಿಗೆ ಹಿಡಿದು ನಿಂತಿದ್ದಳು.

"ಮೋಟಾರ ಬಂದ್ ಮಾಡಂದ್ರ ಹೂಂ ಅಂದಿದ್ದೆಲ್ಲೋ?"

ಅಂದದ್ದು ಖರೆ. ನನ್ನ ತಲೆಯಲ್ಲಿ ಮೋಟಾರು ಮಧ್ಯಾಹ್ನವೇ ಬಂದ್ ಆಗಿತ್ತು. ಮೋಟಾರಿಗೆ ಮಾತ್ರ ಆ ಖಬರ ಮುಟ್ಟಿರಲಿಲ್ಲ.