ಜಗಳೂರಿನ ಬೀಗ

ಊರಿನ ಹೆಸರಲ್ಲೇ ಜಗಳ ಇಟ್ಟುಕೊಂಡು ಹುಟ್ಟಿದವನ ಕಷ್ಟ ಬೇರೆ ಊರಿನವರಿಗೆ ತಿಳಿಯುವುದಿಲ್ಲ. ‘ಯಾವೂರು ಮೇಷ್ಟ್ರೇ?’ ಎಂದು ಯಾರಾದರೂ ಕೇಳಿ, ನಾನು ‘ಜಗಳೂರು’ ಎಂದರೆ ಸಾಕು, ಅವರ ತುಟಿಯ ಒಂದು ಮೂಲೆ ಮೇಲೇಳುತ್ತದೆ. (ಏಳುವುದಿಲ್ಲ, ಅದು ನಿಮ್ಮ ಕಣ್ಣಿನ ದೋಷ ಎನ್ನುವುದು ನನ್ನ ಹೆಂಡತಿ ಹುಲಿಗೆಮ್ಮನ ವಾದ.) ಇಂಥ ನಾನು ಮಗಳು ದುರ್ಗಾಂಬಿಕೆಯನ್ನು ಚನ್ನಗಿರಿಗೆ ಕೊಟ್ಟೆ. ಬೀಗರಿಗೆ ಅಡಿಕೆ ಮಂಡಿಯಲ್ಲಿ ಕೆಲಸ, ಊರಿಗೆ ನೀರಿನ ಸಮೃದ್ಧಿ. ಬಯಲುಸೀಮೆಯ ನಿವೃತ್ತ ಕನ್ನಡ ಮೇಷ್ಟರನ್ನು ಇವರು ಕೀಳಾಗಿಯೇ ಕಾಣುತ್ತಾರೆ ಎಂದು ಮದುವೆಯ ದಿನವೇ ತೀರ್ಮಾನಿಸಿಬಿಟ್ಟಿದ್ದೆ.

ಮದುವೆಯಾದ ಮೇಲೆ ಮೊದಲ ಸಲ ಮಗಳ ಮನೆಗೆ ಹೊರಟಾಗ ಹುಲಿಗೆಮ್ಮ ಬಸ್ಸಿನಲ್ಲೇ ಎಚ್ಚರಿಸಿದಳು.

“ನೋಡ್ರಿ, ಅಲ್ಲಿ ಮಾತಿಗೆ ಮಾತು ಬೆಳೆಸಬ್ಯಾಡ್ರಿ. ನಮ್ ಹುಡುಗಿ ಅಲ್ಲಿ ಬಾಳ್ವೆ ಮಾಡ್ಬೇಕು.”

“ನಾನ್ಯಾಕೆ ಬೆಳೆಸ್ಲಿ? ಅವ್ರು ಏನಾದ್ರೂ ಅಂದ್ರೆ ಮಾತ್ರ.”

“ಅವ್ರು ಅನ್ನದಿದ್ರೂ ನಿಮಗೆ ಕೇಳಿಸ್ತೈತೆ. ಅದೇ ನನ್ ಭಯ.”

ಮನೆ ಹೊಕ್ಕ ಕ್ಷಣದಿಂದಲೇ ಅವಮಾನಗಳ ಸರಮಾಲೆ ಶುರುವಾಯಿತು. ಬೀಗಿತಿ ಉಚ್ಚಂಗೆಮ್ಮ ದೊಡ್ಡ ಚೊಂಬಿನ ತುಂಬ ನೀರು ತಂದಿಟ್ಟರು. ಅಂದರೆ, ಪಾಪ, ನೀರೇ ಕಾಣದ ಊರಿನವರು, ಕಣ್ತುಂಬ ನೋಡಲಿ ಎಂದು. ಬೀಗರಾದ ಕಲ್ಲೇಶಪ್ಪ ‘ನಿಮ್ ಕಡೆ ಮಳೆ ಹೆಂಗೈತೆ ಮೇಷ್ಟ್ರೇ?’ ಎಂದರು. ಇದಕ್ಕಿಂತ ನೇರವಾಗಿ ಚುಚ್ಚಲು ಸಾಧ್ಯವೇ? ಊಟಕ್ಕೆ ಕುಳಿತರೆ ಎಲ್ಲರಿಗೂ ಅನ್ನ, ನನ್ನೊಬ್ಬನಿಗೆ ಮೊದಲು ಬಿಸಿ ರೊಟ್ಟಿ. ಒಣಸೀಮೆಯವನಿಗೆ ಅನ್ನದ ರುಚಿ ಏನು ಗೊತ್ತು ಎಂಬ ವ್ಯಂಗ್ಯಾರ್ಥ ನನಗೆ ತಕ್ಷಣ ಹೊಳೆಯಿತು.

“ಅಪ್ಪಂಗೆ ರೊಟ್ಟಿ ಇಷ್ಟ ಅಂತ ದುರ್ಗಿ ಹೇಳಿರ್ಬೇಕು, ಸುಮ್ನೆ ತಿನ್ರಿ,” ಎಂದು ಹುಲಿಗೆಮ್ಮ ಪಿಸುಗುಟ್ಟಿದಳು. ಅವಳಿಗೆ ಕಾವ್ಯದ ಧ್ವನಿ ಗೊತ್ತಿಲ್ಲ. (ಗಂಟಲಿನ ಧ್ವನಿ ಚೆನ್ನಾಗಿ ಗೊತ್ತು.)

ಊಟವಾದ ಮೇಲೆ ಪಡಸಾಲೆಯ ಚಾಪೆಯ ಮೇಲೆ ಅಡ್ಡಾದೆ. ಹುಲಿಗೆಮ್ಮ ಆಗಲೇ ನಿದ್ದೆ ಹೋಗಿದ್ದಳು. ಒಳಕೋಣೆಯ ಅರೆಮುಚ್ಚಿದ ಬಾಗಿಲಿನಿಂದ ಮಾತು ಕೇಳಿಬಂತು.

“ಈ ಜಗಳೂರಿನ ಬೀಗ ಐತಲ್ಲ, ಸಾಕಾಗಿ ಹೋತು ನನಗೆ,” ಎಂದರು ಉಚ್ಚಂಗೆಮ್ಮ.

“ಒಳಗೆಲ್ಲಾ ತುಕ್ಕು ಹಿಡದೈತೆ. ಏನ್ ಮಾಡಿದ್ರೂ ಬಾಯೇ ಬಿಡ್ತಿಲ್ಲ,” ಕಲ್ಲೇಶಪ್ಪನವರ ದನಿ. “ಇನ್ನೊಂದಿಷ್ಟು ಎಣ್ಣೆ ಹಾಕಾಣೇನು?”

“ಹಾಕಿದ್ದಾತು. ಎಲ್ಲಾ ಕುಡಕಂಡು ಹಂಗೇ ಕುಂತೈತೆ.”

“ಹಂಗಾರೆ ಸುತ್ತಿಗೆ ತಗಂಡು ತಲೆ ಮ್ಯಾಲೆ ಎರಡು ಬಿಡ್ತೀನಿ.”

ಆಗ ನನ್ನ ಮಗಳ ದನಿ, ನಾನೇ ಅ ಆ ಇ ಈ ಕಲಿಸಿದ ದನಿ: “ಹೊಡೀರಿ ಮಾವ. ಹೋದ್ರೆ ಹೋಗ್ಲಿ, ಬೇರೆ ತಂದ್ರಾತು.”

ನಾನು ಊಟದಲ್ಲಿ ಕುಡಿದದ್ದು ಬರೀ ಮಜ್ಜಿಗೆ. (ಅದರಲ್ಲಿ ಏನು ಬೆರೆಸಿದ್ದರೋ ಎಂದು ನಾಲಿಗೆ ಚಪ್ಪರಿಸಿ ನೋಡಿಕೊಂಡೆ.) ಎಲ್ಲಕ್ಕಿಂತ ಉರಿದದ್ದು ವ್ಯಾಕರಣ. ‘ಐತೆ’ ಅಂತೆ, ‘ಕುಂತೈತೆ’ ಅಂತೆ. ಮೀಸೆ ಹೊತ್ತ ನನಗೆ ಪುಲ್ಲಿಂಗವನ್ನೂ ಉಳಿಸದೆ ನಪುಂಸಕಲಿಂಗಕ್ಕೆ ತಳ್ಳಿದ್ದರು. ಎದ್ದವನೇ ಬಾಗಿಲು ದೂಡಿದೆ.

“ಸುತ್ತಿಗೆ ಯಾಕ್ರೀ ಕಲ್ಲೇಶಪ್ಪ? ನಾನೇ ಹೋಗ್ತೀನಿ. ತುಕ್ಕು ಹಿಡದಿರಬಹುದು, ಆದ್ರೆ ಮರ್ಯಾದಿ ಐತೆ. ಏ ದುರ್ಗಿ, ಬೇರೆ ಅಪ್ಪನ್ನ ತರಾಕೆ ಇದೇನು ಸಂತೆ ಅನ್ಕಂಡಿಯೇನು? ಕಟ್ಟು ನಿನ್ ಗಂಟು, ಈ ಮನೆ ಸಹವಾಸ ಸಾಕು.”

ಇಷ್ಟು ಹೇಳಿ ಮುಗಿಸಿದ ಮೇಲೆ ನೋಡಿದೆ. (ಮೊದಲು ನೋಡುವ ಅಭ್ಯಾಸ ನನಗಿಲ್ಲ.) ಮೂವರೂ ಒಂದು ಟ್ರಂಕಿನ ಸುತ್ತ ಕುಳಿತಿದ್ದರು. ಮದುವೆಯಲ್ಲಿ ನಾನೇ ಕೊಟ್ಟ ಹಸಿರು ಟ್ರಂಕು. ಅದಕ್ಕೆ ಜಗಳೂರಿನ ಸಂತೆಯಲ್ಲಿ ನಾನೇ ಚೌಕಾಸಿ ಮಾಡಿ ತಂದ ಬೀಗ ಕೀಲಿಕೈ ಕಚ್ಚಿಕೊಂಡು, ಕೊಬ್ಬರಿ ಎಣ್ಣೆ ಸುರಿಸುತ್ತ ನೇತಾಡುತ್ತಿತ್ತು. ‘ಯಾರಿಂದ್ಲೂ ತೆಗಿಯಾಕಾಗಲ್ಲ ಮೇಷ್ಟ್ರೇ’ ಎಂದು ಮಾರಿದವನು ಹೇಳಿದ್ದು ಅಕ್ಷರಶಃ ನಿಜವಾಗಿತ್ತು.

ಕಲ್ಲೇಶಪ್ಪ ಸುತ್ತಿಗೆ ಕೆಳಗಿಟ್ಟರು. “ಕುಂದ್ರಿ ಬೀಗ್ರೆ. ನಿಮಗೆ, ಅಕ್ಕಾರಿಗೆ ಬಟ್ಟೆ ತಂದಿದ್ವಿ. ಹೊರಡಾವಾಗ ಕೊಡಾಣ ಅಂತ ಸೊಸೆ ಇದ್ರಾಗೆ ಇಟ್ಟಿದ್ಲು.”

ಅವರು ನಕ್ಕಿದ್ದರೆ ಸಹಿಸಬಹುದಿತ್ತು. ನಗಲಿಲ್ಲ. ದುರ್ಗಿಯಂತೂ ತಲೆಯೆತ್ತಲೇ ಇಲ್ಲ. ಅವಳ ಕಿವಿ ಕೆಂಪಾಗಿತ್ತು. ನಾವು ಸಂಜೆಯ ಬಸ್ಸಿಗೆ ಹೋಗುವವರು, ಅವಳು ನಾಳೆಯೂ ಇದೇ ಮನೆಯಲ್ಲಿ ಇವರ ಮುಖ ನೋಡಬೇಕು. ಅತ್ತೆ ಮಾವನ ಎದುರು ಮಗಳ ಮರ್ಯಾದೆಯನ್ನು ನಾನೇ ಕಳೆದಿದ್ದೆ. ನಾಚಿಕೆಯಿಂದ ನನಗೆ ನಿಲ್ಲಲೂ ಆಗಲಿಲ್ಲ, ಕೂರಲೂ ಆಗಲಿಲ್ಲ. ಲಿಂಗ, ವಚನ, ವಿಭಕ್ತಿ ಎಲ್ಲ ಪಾಠ ಮಾಡಿದವನಿಗೆ ಬೀಗ ಯಾವುದು, ಬೀಗ ಯಾರು ಎಂಬುದೇ ತಿಳಿದಿರಲಿಲ್ಲ.

“ಏನಾತು?” ಎಂದು ಹುಲಿಗೆಮ್ಮ ಕಣ್ಣುಜ್ಜುತ್ತ ಬಂದಳು.

“ಏನಿಲ್ಲ ಅಕ್ಕ,” ಎಂದರು ಉಚ್ಚಂಗೆಮ್ಮ. “ನಮ್ಮನೆಯಾಗೆ ಜಗಳೂರಿನ ಬೀಗ ಎರಡು ಇದ್ವು. ಒಂದು ಬಾಯಿ ಬಿಡ್ಲಿಲ್ಲ, ಇನ್ನೊಂದು ಬಿಟ್ಟ ಬಾಯಿ ಮುಚ್ಚಲಿಲ್ಲ.”

ಮೊದಲು ನಕ್ಕವಳು ದುರ್ಗಿ, ಬಾಯಿಗೆ ಸೆರಗು ಅಡ್ಡ ಹಿಡಿದು. ಆಮೇಲೆ ಎಲ್ಲರೂ ನಕ್ಕರು. ಕಲ್ಲೇಶಪ್ಪ ಸುತ್ತಿಗೆಯಿಂದ ಒಮ್ಮೆ ತಟ್ಟಿದ್ದೇ ತಡ, ಬೀಗ ಮುರಿಯದೆ ಟಕ್ಕೆಂದು ತೆರೆದುಕೊಂಡಿತು. ನನಗೆ ಪಂಚೆ, ಶಾಲು, ಹುಲಿಗೆಮ್ಮನಿಗೆ ಸೀರೆ. ಶಾಲು ಹೊದಿಸುವಾಗ ಕಲ್ಲೇಶಪ್ಪ ನನ್ನ ಕಾಲಿಗೂ ನಮಸ್ಕರಿಸಿದರು. ನಾನು ಗೋಡೆಯ ಕಡೆ ನೋಡುತ್ತಿದ್ದೆ.

ವಾಪಸು ಬಸ್ಸಿನಲ್ಲಿ ಶಾಲಿನ ಅಂಚು ಸವರುತ್ತಿದ್ದವನಿಗೆ ಒಂದು ಅನುಮಾನ ಬಂತು. ಶಾಲೇ ಯಾಕೆ? ಸನ್ಮಾನ ಮಾಡಿದಂತೆ ಮಾಡಿ ಗೇಲಿಯೇನಾದರೂ... ಕೇಳೋಣವೆಂದು ಹುಲಿಗೆಮ್ಮನ ಕಡೆ ತಿರುಗಿದೆ. ಅವಳು ಚೀಲಕ್ಕೆ ಕೈ ಹಾಕಿ ನನ್ನ ಅಂಗೈಯಲ್ಲಿ ಏನನ್ನೋ ಇಟ್ಟಳು. ನೋಡಿದರೆ ಬೀಗ, ಕೀಲಿಕೈ ಸಮೇತ.

“ದುರ್ಗಿ ಕೊಟ್ಟಾಳೆ. ಈಗ ಚೆನ್ನಾಗಿ ಹಾಕ್ಕಂತೈತಂತೆ. ಅಪ್ಪ ಇಟ್ಕಳ್ಲಿ ಅಂದ್ಲು.”

“ಯಾತಕ್ಕೆ ಹಾಕಾಕೆ?”

ಹುಲಿಗೆಮ್ಮ ಕಿಟಕಿಯ ಕಡೆ ಮುಖ ತಿರುಗಿಸಿದಳು. ‘ಬಾಯಿಗೆ’ ಎಂದು ಅವಳು ಹೇಳಲಿಲ್ಲ. ಆದರೂ ನನಗೆ ಕೇಳಿಸಿತು. ಅಂದು ಇಡೀ ದಿನದಲ್ಲಿ ನನಗೆ ಸರಿಯಾಗಿ ಕೇಳಿಸಿದ ಮಾತು ಅದೊಂದೇ.